ಇಳಿಯುವವಳು ಒಬ್ಬಳೇ

ಈ ಊರಿನಲ್ಲಿ ತನ್ನಿಂದ ಒಂದು ಬಸ್ಸನ್ನೂ ನಿಲ್ಲಿಸಲಾಗುವುದಿಲ್ಲವೇನೋ ಎಂಬ ಅಳುಕನ್ನು ಐಲ್ಸಾ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ತನಗೆ ತಾನೇ ಹೇಳಿಕೊಂಡಿದ್ದಳು, ಅದೂ ಹಲ್ಲುಜ್ಜುವಾಗ, ಬಾಯಿ ತುಂಬ ನೊರೆ ಇದ್ದಾಗ.

ಸ್ಪ್ಯಾನಿಷ್ ಮಾತಾಡುವ ಈ ಹಲಾಪಾದಲ್ಲಿ ಅವಳು ಹತ್ತುವ ಬಸ್ಸಿನ ಗಂಟೆ ಕೆಟ್ಟು ಯಾವ ಕಾಲವಾಗಿತ್ತೋ. ಇಳಿಯುವವರು ‘ಬಾಹಾನ್!’ ಎಂದು ಕೂಗಬೇಕು. ‘ಇಳೀತಾರೆ’ ಎಂದರ್ಥ. ಐಲ್ಸಾಳ ದನಿ ಮಾತ್ರ ಏಳುತ್ತಿರಲಿಲ್ಲ. ಮನೆ ಹತ್ತಿರದ ಬೇಕರಿ ದಾಟಿದ ಮೇಲೆ ಬೇರೆ ಯಾರಾದರೂ ಕೂಗಿದಾಗ ಅವರ ಬೆನ್ನಿಗೇ ಇಳಿದು, ತುಂತುರಿನಲ್ಲಿ ನೆನೆಯುತ್ತ ಏರುದಾರಿಯಲ್ಲಿ ವಾಪಸು ನಡೆಯುತ್ತಿದ್ದಳು.

ಹಾಗಂತ ಅವಳೇನೂ ಕೈಲಾಗದವಳಲ್ಲ. ಪದವಿ ಮುಗಿಸಿ, ಸ್ಪ್ಯಾನಿಷ್ ಕಲಿತೇ ತೀರುತ್ತೇನೆಂದು ದೂರದೇಶದ ಹ್ಯಾಲಿಫ್ಯಾಕ್ಸಿನಿಂದ ಒಬ್ಬಳೇ ಬಂದವಳು. ಸಂತೆಯಲ್ಲಿ ಕೊತ್ತಂಬರಿಗೆ ಬೆರಳು ತೋರಿಸುತ್ತಿದ್ದವಳು ಈಗ ಹೆಸರು ಹಿಡಿದು ಕೇಳುತ್ತಾಳೆ. ಊಟದಂಗಡಿಯಿಂದ ಎದ್ದು ಬರುವಾಗ ಪಕ್ಕದ ಮೇಜಿನವರಿಗೆ ಊರವರ ಹಾಗೆಯೇ “ಚೆನ್ನಾಗಿ ಊಟ ಮಾಡಿ” ಎಂದು, ಇಡೀ ಮೇಜೇ ತಿರುಗಿ ಉತ್ತರಿಸಿದ ದಿನ ದಾರಿಯುದ್ದಕ್ಕೂ ಒಳಗೊಳಗೇ ನಕ್ಕಿದ್ದಳು. ಚಟ್ನಿ ಖಾರವೇ ಎಂದು ಕೇಳಿದ್ದಕ್ಕೆ ಟಾಕೋ ರೊಟ್ಟಿ ಮಾರುವವಳು “ಇಲ್ಲ ತಾಯಿ, ಮಗೂಗೂ ತಿನ್ನಿಸಬಹುದು” ಎಂದಾಗ, “ಯಾರ ಮಗೂಗೆ? ನಿಮ್ಮೂರಿನದಕ್ಕೋ, ನಮ್ಮೂರಿನದಕ್ಕೋ?” ಎಂದು ಕೇಳಿಯೂ ಇದ್ದಳು.

ಇವೆಲ್ಲ ಮೆಲುದನಿಯಲ್ಲಿ ಗೆದ್ದವು. ಬಸ್ಸಿಗೆ ಮೆಲುದನಿ ಕೇಳುವುದಿಲ್ಲ.

ಅವಳ ಗುಟ್ಟನ್ನು ಮನೆಯೊಡತಿ ದೋನ್ಯಾ ರೆಮೆದಿಯೋಸ್‌ಗೆ ಹೇಳಿಕೊಟ್ಟದ್ದು ಬೂಟಿನ ಕೆಸರು.

“ಮತ್ತೆ ಮುಂದೆ ಹೋಗಿ ಇಳಿದ್ಯಾ ಮಗಳೇ? ‘ಬಾಹಾನ್’ ಅನ್ನೋಕೆ ಅದೇನು ಕಷ್ಟ?”

“ಇಳಿಯೋಳು ನಾನೊಬ್ಬಳೇ. ‘ಇಳೀತಾರೆ’ ಅಂದ್ರೆ ಸುಳ್ಳಲ್ವಾ? ಯಾರು ಇಳೀತಾರೆ?”

“ಅಯ್ಯೋ ದೇವರೇ! ವ್ಯಾಕರಣ ನೋಡಿ ಬಸ್ ನಿಲ್ಲುತ್ತೇನೇ? ಬಿಡು, ಶನಿವಾರ ಸಂತೆ ಮುಗಿಸಿ ನಾನು ತಂಗಿ ಮನೆಗೆ ಹೋಗೋಳು, ಅದೇ ಬಸ್ಸು. ದಿನಾ ಈ ಹುಡುಗೀನ ಬೇಕರಿ ಹತ್ರ ಇಳಿಸಪ್ಪಾ ಅಂತ ಡ್ರೈವರಿಗೆ ಹೇಳ್ತೀನಿ.”

ಐಲ್ಸಾಳ ಕಿವಿ ಬಿಸಿಯಾಯಿತು. ಹಾಗಾದರೆ ಇನ್ನು ಮೇಲೆ ಅವಳನ್ನು ದಿನವೂ ಯಾರೋ ಕಳಿಸಿದ ಪೊಟ್ಟಣದ ಹಾಗೆ ಇಳಿಸುತ್ತಾರೆ. ಕೂಗುವ ಗರಜೇ ಬೀಳುವುದಿಲ್ಲ, ಕೂಗುವುದು ಬರುವುದೂ ಇಲ್ಲ.

“ಬೇಡ… ನಾನೇ…”

“ನಾನೇ ಹೇಗೆ ಹೇಳಲಿ, ನೀವೇ ಹೇಳಿ ಅಂತ ತಾನೇ? ಆಯ್ತು ಕಂದಾ, ಹೇಳ್ತೀನಿ.”

ಐಲ್ಸಾಳ ಮಾತನ್ನು ದೋನ್ಯಾ ಮುಗಿಸುತ್ತಿದ್ದುದೇ ಹೀಗೆ. ಪ್ರೀತಿಯಿಂದಲೇ, ಆದರೆ ಯಾವಾಗಲೂ ಬೇರೆಲ್ಲಿಗೋ ಕೊಂಡೊಯ್ದು.

ಶನಿವಾರ ಬಸ್ಸು ಕಿಕ್ಕಿರಿದಿತ್ತು. ಇಬ್ಬರೂ ಹಿಂದೆ ಸಿಕ್ಕಿಕೊಂಡರು. ಬೇಕರಿಯ ನೀಲಿ ಬೋರ್ಡು ದೂರದಲ್ಲಿ ಕಾಣುತ್ತಲೇ ದೋನ್ಯಾ ಕತ್ತು ಚಾಚಿದರು.

“ಡ್ರೈವರಣ್ಣಾ! ಇಲ್ಲೊಬ್ಳು ಹುಡುಗಿ ಇದ್ದಾಳೆ, ಬಾಯಿ ಸತ್ತೋಳು…”

ರೇಡಿಯೋದ ಗದ್ದಲದಲ್ಲಿ ಡ್ರೈವರನಿಗೆ ಕೇಳಿಸಲಿಲ್ಲ. ಉಳಿದವರಿಗೆಲ್ಲ ಕೇಳಿಸಿತು.

ಹೂವಿನ ಕಟ್ಟು ಹಿಡಿದಿದ್ದ ಮುದುಕನೊಬ್ಬ ತಿರುಗಿ ನೋಡಿದ. “ಪಾಪ, ಮಾತೇ ಬರಲ್ವಾ?”

“ಬರುತ್ತೆ, ಅಡುಗೆಮನೇಲಿ ಮಾತ್ರ!” ಎಂದರು ದೋನ್ಯಾ.

ಬಸ್ಸೆಲ್ಲ ನಕ್ಕಿತು. ಬೋರ್ಡು ಹತ್ತಿರವಾಯಿತು. ದೋನ್ಯಾ ಮತ್ತೆ ಉಸಿರೆಳೆದುಕೊಂಡರು. ಐಲ್ಸಾ ಅವರ ತೋಳನ್ನು ಗಟ್ಟಿಯಾಗಿ ಹಿಡಿದು ಬೇಡವೆಂದು ತಲೆಯಾಡಿಸಿದಳು. ‘ಬಾಹಾನ್’ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಎಲ್ಲರೂ ಕೂಗುವ ಮಾತು, ಕೂಗಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನೋಡಲಿ, ನಗಲಿ. ‘ಬಾಹಾನ್’ ಅನ್ನು ನುಂಗಿ, ಕಾಲೂರಿ ನಿಂತು, ಹಲಾಪಾದ ಯಾವ ಬಸ್ಸಿನಲ್ಲೂ ಯಾರೂ ಕೂಗದ ಮಾತನ್ನು ಗಾಜು ಅದುರುವ ಹಾಗೆ ಕೂಗಿದಳು:

“ಇಳಿಯೋಳು ನಾನು!”