ಕುದುರೆಗಳ್ಳನ ಹಣೆ

ಅಮೆರಿಕದ ಯೂಲೆಸ್ ಊರಿನ ಡಾಕ್ಟರ್ ದಾನಪ್ಪನವರ ಗ್ಯಾರೇಜಿನಲ್ಲಿ ಕಾರೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಜಾಗವಿತ್ತು. ತುಕ್ಕು ಹಿಡಿದ ಲಾಳಗಳು, ಹರಿದ ತಡಿ, ಜೊತೆಯಿಲ್ಲದ ಕೌಬಾಯ್ ಬೂಟು. ಎಲ್ಲವೂ ನಿವೃತ್ತಿಯಾದ ಮೇಲೆ ಟೆಕ್ಸಸ್ಸಿನ ಸಂತೆಗಳನ್ನು ಅಲೆದು ತಂದವು. ಕಾರು ಹೊರಗೆ ಬಿಸಿಲಲ್ಲಿ ಬೇಯುತ್ತಿತ್ತು.

"ಊರಾಗ ಹಳೇ ಮೋಡಕಾ ಸಾಮಾನು ಮಾರೋರನ್ನ ಕಂಡೀನಿ. ರೊಕ್ಕ ಕೊಟ್ಟು ಮೋಡಕಾ ತರೂ ಡಾಕ್ಟರನ್ನ ಮಾತ್ರ ಇಲ್ಲೇ ಕಂಡಿದ್ದು," ಎನ್ನುತ್ತಿದ್ದರು ಹೆಂಡತಿ ಶಾಂತವ್ವ.

2014ರ ಬೇಸಿಗೆಯಲ್ಲಿ ಮಗಳನ್ನು ನೋಡಲು ಆಸ್ಟಿನ್‌ಗೆ ಹೋದಾಗ ದಾನಪ್ಪನವರಿಗೆ ಅಲ್ಲಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಫೋಟೋ ಸಿಕ್ಕಿತು. ಕಾಗದದ ಮೇಲಿನದಲ್ಲ, ಅಂಗೈಯಗಲದ ಕಪ್ಪು ತಗಡಿನ ಮೇಲಿನದು. ಎದೆತನಕ ಗಡ್ಡ ಬಿಟ್ಟವನೊಬ್ಬ ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ದುರುಗುಟ್ಟಿ ನೋಡುತ್ತಿದ್ದ. ಹತ್ತೊಂಬತ್ತನೇ ಶತಮಾನದಲ್ಲಿ ಆ ಸೀಮೆಯನ್ನೆಲ್ಲ ನಡುಗಿಸಿದ ಕುದುರೆಗಳ್ಳ ಜೆಬ್ ಹಾರ್ಗಟ್ ಇವನೇ ಎಂದು ದಾನಪ್ಪನವರ ಮನಸ್ಸು ಆಣೆಯಿಟ್ಟು ಹೇಳಿತು.

"ನಮ್ಮ ಅಣ್ಣಾಸಾಹೇಬ ಮಾವ ಇದ್ದಂಗ ಅದಾನಲ್ರಿ," ಎಂದರು ಶಾಂತವ್ವ.

"ನಿಮ್ಮ ಮಾವನೂ ಕುದುರಿ ಕದೀತಿದ್ನೇನು?"

"ಕುದುರಿ ಇಲ್ರಿ. ನಿಮ್ಮಂಥಾವರಿಗೆ ಹೆಣ್ಣು ಕೊಡಿಸಿದಾ, ಅಷ್ಟ ತಪ್ಪು ಅವಂದು."

ಮಾತಿಗೆ ಮಾತು ಬೆಳೆದು ದಾನಪ್ಪನವರು ಪಂಥ ಕಟ್ಟಿಯೇಬಿಟ್ಟರು. ಹ್ಯೂಸ್ಟನ್‌ನಲ್ಲಿ ಹಳೇ ಫೋಟೋ ಪರೀಕ್ಷೆ ಮಾಡುವವನೊಬ್ಬನಿದ್ದಾನೆ. ಫೋಟೋದವನು ಹಾರ್ಗಟ್ ಹೌದೆಂದು ಅವನು ಹೇಳಿದರೆ ಶಾಂತವ್ವ ಇನ್ನು ಗ್ಯಾರೇಜಿನ ಸುದ್ದಿ ಎತ್ತಕೂಡದು. ಅಲ್ಲವೆಂದರೆ ಗ್ಯಾರೇಜ್ ಖಾಲಿ. ಅವನನ್ನು ಕಾಣುವ ದಿನ ಬರುವವರೆಗೆ ಫೋಟೋ ಯಾರ ಕೈಗೂ ಸಿಗದಿರಲೆಂದು ಅದನ್ನು ದೇವರ ಜಗಲಿಯ ಮೇಲೆ, ಹಿರಿಯರ ಫೋಟೋಗಳ ಪಕ್ಕದಲ್ಲಿ ಒರಗಿಸಿಟ್ಟರು. ಹೊರಡುವ ಬೆಳಿಗ್ಗೆ ಶಾಂತವ್ವನೇ ಅದನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಬ್ಯಾಗಿಗಿಟ್ಟರು.

ಹ್ಯೂಸ್ಟನ್ನಿನ ಪರೀಕ್ಷಕ ಮಿತಭಾಷಿ. ತಗಡು ಆ ಕಾಲದ್ದೇ ಎಂದ. ಕೋಟೂ ಸರಿ ಎಂದ. "ಆದರೆ ಗಡ್ಡದವರು ಆಗ ಸಾವಿರ ಜನ ಇದ್ದರು ಡಾಕ್ಟರ್. ಹಾರ್ಗಟ್‌ಗೆ ಹಣೆಯ ನಡುವೆ ಒಂದು ಕಲೆಯಿತ್ತು. ಕದಿಯಲು ಹೋದ ಕುದುರೆಯೇ ಒದ್ದದ್ದು," ಎನ್ನುತ್ತ ಭೂತಗನ್ನಡಿಯನ್ನು ಮೇಲೆ ಸರಿಸಿದವನು ಅಲ್ಲೇ ನಿಂತುಬಿಟ್ಟ. "ಓ ದೇವರೇ! ಇದೆ!"

ದಾನಪ್ಪನವರ ಎದೆ ಡೊಳ್ಳಾಯಿತು. ಮರುಕ್ಷಣವೇ ಡೊಳ್ಳು ನಿಂತಿತು. ದಿನಾ ನೋಡಿದ ಮುಖ ಅದು. ಜನ್ಮವೆಲ್ಲ ಗಾಯ ಹೊಲಿದ ತಮ್ಮ ಕಣ್ಣಿಗೆ ಬೀಳದ ಕಲೆ ಎಲ್ಲಿಂದ ಬಂತು? ಬಗ್ಗಿ ನೋಡಿದರು. ಹಣೆಯ ನಟ್ಟನಡುವೆ ದುಂಡಗೆ, ಬೆಳ್ಳಗೆ ಕೂತಿತ್ತು. ಹೆಂಡತಿಯ ಕಡೆ ತಿರುಗಿದರು. ಶಾಂತವ್ವ ಸೆರಗಿನ ಅಂಚಿನಲ್ಲಿ ಏನನ್ನೋ ಹುಡುಕುತ್ತಿದ್ದರು.

"ಏನರ ಹಚ್ಚೀಯೇನು ಇವಂಗ?"

"ನಿನ್ನಿ ಅಮಾಸಿ ಇತ್ತಲ್ರಿ. ಹಿರೇರ ಫೋಟೋಕ್ಕೆಲ್ಲಾ ಗಂಧ ಹಚ್ಚಿ ಹೂ ಏರಿಸಿದೆ. ಜಗಲಿ ಮ್ಯಾಲ ತಂದು ಕುಂದ್ರಿಸಿದವರು ನೀವು. ಇವನೊಬ್ಬನ್ನ ಬಿಡೂದು ಹೆಂಗ?"

ಪರೀಕ್ಷಕ ಇವರ ಗುಸುಗುಸು ಸಂತೋಷದ್ದೆಂದು ತಿಳಿದು, ನಗುತ್ತ, ಪ್ರಮಾಣಪತ್ರದ ಹಾಳೆ ಎಳೆದುಕೊಂಡ.

"ಸುಮ್ಮನ ಕುಂದರ್ರಿ," ಶಾಂತವ್ವ ಪಿಸುಗುಟ್ಟಿದರು. "ಅಂವಾ ತಾನಾಗೇ ಹೇಳ್ಯಾನ. ಇರಲಿ ಬಿಡ್ರಿ ಗ್ಯಾರೇಜು."

ಗೆಲ್ಲಬೇಕಾದವಳೇ ಸೋಲಲು ಹೊರಟಿದ್ದಳು. ದಾನಪ್ಪನವರಿಗೆ ಆಸೆಯಾಗದೆ ಇರಲಿಲ್ಲ. ಆದರೆ ಗುಣವಾಗದವರಿಗೆ ಗುಣವಾಗಿದೆಯೆಂದು ಒಂದು ಚೀಟಿಯನ್ನೂ ಬರೆದುಕೊಡದ ಕೈ ಅದು. ಆ ಕೈಯೇ ಮುಂದೆ ಹೋಗಿ ಪರೀಕ್ಷಕನ ಪೆನ್ನನ್ನು ತಡೆಯಿತು.

"ಅದು ಕಲೆಯಲ್ಲ. ನನ್ನ ಹೆಂಡತಿ ಪೂಜೆ ಮಾಡಿದ್ದಾಳೆ."

ಪರೀಕ್ಷಕನ ಒದ್ದೆ ಹತ್ತಿ ಒಮ್ಮೆ ತಾಗಿದ್ದೇ ತಡ, ಕುದುರೆಯ ಒದೆ ಕರಗಿ ಹೋಯಿತು. ಕೋಣೆಯಲ್ಲಿ ಶ್ರೀಗಂಧದ ಪರಿಮಳ. ಪರೀಕ್ಷಕ ಹತ್ತಿಯನ್ನು ಮೂಸಿ ನೋಡಿ, "ಕುದುರೆಗಳ್ಳನಿಗೆ ಇಂಥ ಗೌರವ ಇದೇ ಮೊದಲು," ಎಂದವನು ಹಾಳೆಯಲ್ಲಿ 'ಗುರುತು ಸಿಗದ ವ್ಯಕ್ತಿ' ಎಂದು ಬರೆದುಕೊಟ್ಟ.

ಹ್ಯೂಸ್ಟನ್ನಿನ ಭಾರತೀಯ ಅಂಗಡಿಗಳ ಬೀದಿ ಹಿಲ್‌ಕ್ರಾಫ್ಟ್‌ನಲ್ಲಿ ಊಟಕ್ಕೆ ಕೂತಾಗ ದಾನಪ್ಪನವರೇ ಮಾತು ತೆಗೆದರು. "ಶನಿವಾರ ಗ್ಯಾರೇಜ್ ಖಾಲಿ ಮಾಡ್ತೀನಿ. ಈ ಗಡ್ಡದಾವನ್ನೂ ಯಾರಿಗರ ಕೊಟ್ಟಬಿಡೋಣು."

"ಗಂಧ ಹಚ್ಚಿಸಿಕೊಂಡು ಹೂ ಏರಿಸಿಕೊಂಡಾವನ್ನ ಹೊರಗ ಹಾಕಾಕ ಬರ್ತೈತೇನ್ರಿ? ಜಗಲಿ ಮ್ಯಾಲಿಂದು ಗ್ಯಾರೇಜಿನ ಲೆಕ್ಕಕ್ಕ ಬರೂದಿಲ್ಲ," ಎಂದರು ಶಾಂತವ್ವ. ಬ್ಯಾಗಿನಿಂದ ಗಂಟನ್ನು ತೆಗೆದು ಬಿಚ್ಚಿ ಗಡ್ಡದವನನ್ನೇ ದಿಟ್ಟಿಸಿದರು. "ಆದರ ಒಂದು ಪಂಚಾಯ್ತಿ ಐತಿ. ಮುಂದಿನ ಅಮಾಸಿಗೆ ನೈವೇದ್ಯ ಹಿಡಿಯಾಕ ಒಂದು ಹೆಸರು ಬೇಕಲ್ಲ. ಏನಂತ ಕರೀಲಿ?"