ಹೊಸಬರ ದಿನ

ಎದೆಗೆ ‘ಹೊಸಬರು’ ಎಂಬ ಕೆಂಪು ಚೀಟಿ ಚುಚ್ಚಿ, ಹಿಂದಿನ ಬೆಂಚು ತೋರಿಸಿ, “ಏನನ್ನೂ ಮುಟ್ಬೇಡಿ” ಅಂದರು. ಹವ್ಯಾಸಿ ರೇಡಿಯೊ ಸಂಘದವರು ಹೊಸಬರನ್ನು ಬರಮಾಡಿಕೊಳ್ಳುವ ರೀತಿ ಇದು. ಗೋಡೆಯ ಮೇಲೆ ಮಾತ್ರ ‘ಹೊಸಬರಿಗೆ ಆದರದ ಸ್ವಾಗತ’ ಎಂದು ಮಾರುದ್ದದ ಬ್ಯಾನರು. ನನಗೆ ಮೈಯೆಲ್ಲ ಉರಿಯಿತು.

ಬಾಗಿಲಲ್ಲಿದ್ದವನು ಆಗಲೇ ಕೇಳಿದ್ದ, “ಯಜಮಾನ್ರು ಒಳಗಿದ್ದಾರಾ?”

“ಯಾವ ಯಜಮಾನ್ರು? ಪರೀಕ್ಷೆ ಪಾಸಾಗಿರೋಳು ನಾನು. ಲೈಸೆನ್ಸ್ ತೋರಿಸ್ಲಾ?”

“ಅಯ್ಯೋ, ಬೇಡಿ ಮೇಡಂ,” ಎಂದು ಹಲ್ಲು ಕಿರಿದಿದ್ದ.

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಬ್ರೇಕು ಯಾವುದು, ಕ್ಲಚ್ಚು ಯಾವುದು ತಿಳಿಯದವರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವವಳು. ಬಂದವರನ್ನು ಹೀಗೆ ಬೆಂಚಿಗೆ ಅಟ್ಟಿದ್ದರೆ ನಮ್ಮ ಸ್ಕೂಲಿಗೆ ಎಂದೋ ಬೀಗ ಬೀಳುತ್ತಿತ್ತು. ಆದರೂ ಹಲ್ಲು ಕಚ್ಚಿ ಕೂತೆ. ನಾನು ಬಂದದ್ದು ನನಗಾಗಿ ಅಲ್ಲ, ಅಕ್ಕನಿಗಾಗಿ.

ಅಕ್ಕ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗುತ್ತಿದ್ದವಳು. ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಬಿದ್ದುಹೋಯಿತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಅವಳ ಮಾತು ಈಗ ತಿಳಿಯುವುದು ನನಗೊಬ್ಬಳಿಗೇ. ಮನೆಗೆ ಬಂದವರು ಅವಳ ಎದುರೇ ಕೂತು ನನ್ನನ್ನು ಕೇಳುತ್ತಾರೆ, “ಅಕ್ಕ ಊಟ ಮಾಡ್ತಾರಾ? ನಿದ್ದೆ ಬರುತ್ತಾ ಅವರಿಗೆ?” ಅವಳನ್ನೇನು ಬೀರು ಅಂದುಕೊಂಡಿದ್ದಾರೋ ಏನೋ!

ಮೋರ್ಸ್ ಕಲಿಯುವ ಹುಚ್ಚು ಹತ್ತಿದ್ದು ಅವಳಿಗೇ. ಗಿಡ್ಡ ಸದ್ದು, ಉದ್ದ ಸದ್ದು, ಅಷ್ಟರಲ್ಲೇ ಎಲ್ಲ ಅಕ್ಷರ. ಕೀ ಅನ್ನುವ ಗುಂಡಿ ಒತ್ತಲು ಎಡಗೈ ಸಾಕು. ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು ಇಬ್ಬರೂ ಕಲಿತೆವು, ಲೈಸೆನ್ಸ್ ಪರೀಕ್ಷೆಯನ್ನೂ ಒಟ್ಟಿಗೇ ಪಾಸು ಮಾಡಿದೆವು. ಅಕ್ಕ ಬಾಲ್ಕನಿಗೆ ಏರಿಯಲ್ ತಂತಿ ಕಟ್ಟಿಸಿಕೊಂಡಳು.

“ಅದ್ರಲ್ಲಿ ನನ್ ಬಾಯಿ ಯಾರಿಗೂ ಕಾಣಲ್ಲ ಕಣೆ,” ಅಂದಿದ್ದಳು. “ನಿನ್ನ ಬಿಟ್ಟು ಇನ್ನೊಬ್ರು ನನ್ ಜೊತೆ ಮಾತಾಡ್ಬೇಕು. ಅಯ್ಯೋ ಪಾಪ ಅನ್ನದೇ ಇರೋರು. ಒಬ್ರು ಸಾಕು.”

ಹೊಸಬರು ಮನೆಯಿಂದ ಈ ದಿನ ಮೊದಲ ಕರೆ ಕಳಿಸಲಿ, ಸಂಘ ಉತ್ತರ ಕೊಡುತ್ತದೆ ಎಂದು ಇವರೇ ಸಾರಿದ್ದರು. ಅಕ್ಕ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು, ಹೊರಗೆ ಹೋಗುವ ಬಟ್ಟೆ ತೊಟ್ಟು ರೇಡಿಯೊ ಮುಂದೆ ಕೂತಳು. ನನ್ನನ್ನು ಹೊರಗೆ ದಬ್ಬಿದಳು. “ನೀನು ಪಕ್ಕದಲ್ಲಿದ್ರೆ ನಿನ್ ಮುಖಾನೇ ನೋಡ್ತೀನಿ. ಹೋಗಿ ಅಲ್ಲಿ ಕೂತ್ಕೊಂಡು ಕೇಳು.”

ಇಲ್ಲಿ ನೋಡಿದರೆ ಅದೇ ದಿನ ಸ್ಪರ್ಧೆಯೂ ಇತ್ತು. ಹೆಚ್ಚು ನಿಲಯಗಳನ್ನು, ಅಂದರೆ ನಮ್ಮಂತೆ ರೇಡಿಯೊ ಇಟ್ಟುಕೊಂಡವರನ್ನು, ಮಾತಾಡಿಸಿದವರಿಗೆ ಬಹುಮಾನ. ಮಾತಾಡಿಸುವುದೆಂದರೆ ಹೆಸರು ಕೇಳು, ನಂಬರು ಕೊಡು, ಅಟ್ಟು, ಮುಂದಿನವನನ್ನು ಕರೆ. ಮೇಜಿನ ಮುಂದೆ ಕೂತಿದ್ದವನಿಗೆ ಅವನ ವೇಗ ನೋಡಿ ‘ಮಿಂಚು’ ಎಂದು ಹೆಸರಿಟ್ಟಿದ್ದರು. ಅವನ ಬೆರಳಡಿಯ ಯಂತ್ರ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುತ್ತಿತ್ತು. ಸುತ್ತ ನಿಂತವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಆಗ ಸ್ಪೀಕರಿನಲ್ಲಿ ಅಕ್ಕ ಬಂದಳು. ಲೈಸೆನ್ಸಿನ ಜೊತೆ ಸಿಕ್ಕ ಅಕ್ಷರ-ಅಂಕಿಯ ಹೆಸರನ್ನು ಒಂದೊಂದಾಗಿ, ಬಿಡಿಬಿಡಿಯಾಗಿ ಒತ್ತುತ್ತಿದ್ದಳು. ಒಂದೂ ತಪ್ಪಿಲ್ಲ. ನಾನು ಬೆಂಚಿನ ತುದಿಗೆ ಸರಿದೆ.

“ಇದ್ಯಾವ ಆಮೆ ಮಾರಾಯಾ!” ಅಂದ ಮಿಂಚು. ಎಲ್ಲರೂ ಗೊಳ್ಳೆಂದರು. ಅವನು ತನ್ನ ವೇಗದಲ್ಲೇ ಏನೋ ಉದುರಿಸಿದ. ಅಕ್ಕನಿಗೆ ತಿಳಿಯಲಿಲ್ಲ, ಮತ್ತೆ ತನ್ನ ಹೆಸರೇ ಕಳಿಸಿದಳು.

“ನೆಟ್ಟಗೆ ಕಲಿತು ಬರೋಕೆ ಏನು ರೋಗ ಇವರಿಗೆ?” ಎಂದು ಮಿಂಚು ಗೊಣಗಿದ.

ನಾನು ಎದ್ದೆ. “ರೀ ಸ್ವಾಮಿ, ಅದು ನಮ್ಮಕ್ಕ. ಸ್ವಲ್ಪ ನಿಧಾನವಾಗಿ ಕೊಡಿ. ಹೊಸಬರು ಕರೀಲಿ ಅಂತ ಸಾರಿದ್ದು ನೀವೇ ತಾನೆ?”

ಅಧ್ಯಕ್ಷರು ಕೋಟು ಸರಿಮಾಡಿಕೊಳ್ಳುತ್ತ ಓಡಿಬಂದರು. “ಸ್ಪರ್ಧೆ ಮುಗೀಲಮ್ಮ. ಸಂಜೆ ನನ್ನ ಭಾಷಣ ಇದೆ, ಹೊಸಬರು ಸಂಘಕ್ಕೆ ಯಾಕೆ ಬರ್ತಿಲ್ಲ ಅಂತ. ಇದನ್ನೆಲ್ಲ ಆಗ ಹೇಳಿ, ಚರ್ಚೆ ಮಾಡೋಣ.”

ಅಕ್ಕ ಮೂರನೆಯ ಸಲ ಕರೆದಳು. ಅವಳು ಅರ್ಧದಲ್ಲಿರುವಾಗಲೇ ಮಿಂಚು ಅವಳ ಸದ್ದಿನ ಮೇಲೇ ಇನ್ನೊಬ್ಬನನ್ನು ಕರೆದ.

ನನ್ನ ತಲೆ ಕೆಟ್ಟಿತು. ಅವನ ಕುರ್ಚಿ ಹಿಡಿದು ಎಳೆದೆ. ಚಕ್ರದ ಕುರ್ಚಿ, ಗೋಡೆಯವರೆಗೆ ಉರುಳಿಕೊಂಡು ಹೋಯಿತು. ಮೇಜಿನ ಮೇಲೆ ಹೊಸಬರಿಗೆ ತೋರಿಸಲೆಂದು ರೇಡಿಯೊಗೆ ಜೋಡಿಸಿಟ್ಟ ಹಳೆಯ ಕೈ ಕೀ ಇತ್ತು. ನಿಂತುಕೊಂಡೇ ಅದನ್ನು ಒತ್ತಿದೆ. ಅಕ್ಕನ ಲೈಸೆನ್ಸಿನ ಹೆಸರು ಕಳಿಸಿ, ಅಪರಿಚಿತಳ ಹಾಗೆ ಬಹುವಚನದಲ್ಲಿ, ‘ಕೇಳಿಸ್ತಿದೆ, ಹೇಳಿ’ ಅಂದೆ. ಒಂದು ಸಲವಾದರೂ ಅವಳಿಗೆ ಉತ್ತರ ಸಿಗಲಿ ಎಂಬುದಷ್ಟೇ ತಲೆಯಲ್ಲಿತ್ತು. ಕೀ ಒತ್ತುವ ಕೈಗೂ ಒಂದೊಂದು ನಡಿಗೆ ಇರುತ್ತದೆ, ದೂರದಿಂದಲೇ ಗುರುತು ಹತ್ತುತ್ತದೆ. ಆ ಸಿಟ್ಟಿನಲ್ಲಿ ನನಗೆ ಅದು ಹೊಳೆಯಲೇ ಇಲ್ಲ.

ಅಕ್ಕನ ಉತ್ತರ ಅಕ್ಷರ ಅಕ್ಷರವಾಗಿ ಬಂತು. ‘ನೀನೇನಾ? ಅಲ್ಲಿ ಬೇರೆ ಯಾರೂ ಇಲ್ವಾ?’

ಕೋಣೆ ತುಂಬ ಜನ. ಅಷ್ಟೂ ಜನಕ್ಕೆ ಆ ಸದ್ದು ಓದಲು ಬರುತ್ತಿತ್ತು. ಈಗ ಯಾರೂ ನಗಲಿಲ್ಲ. ನಾನು ಕೀ ಬಿಟ್ಟೆ.

“ಕೇಳಿದ್ರಲ್ಲ?” ಎಂದು ಅವರ ಕಡೆ ತಿರುಗಿದೆ. “ಹೇಳ್ರೀ ಈಗ, ಇದೀರೋ ಇಲ್ವೋ?”

ಅಧ್ಯಕ್ಷರು ಗಡಿಯಾರ ನೋಡಿದರು. ಉಳಿದವರು ನೆಲ ನೋಡಿದರು. ಅಷ್ಟರಲ್ಲಿ ಸ್ಪೀಕರು ಮತ್ತೆ ನುಡಿಯಿತು. ‘ಆಯ್ತು ಬಿಡು. ಮನೆಗೆ ಬಾ.’

ಮಿಂಚು ಕುರ್ಚಿ ತಳ್ಳಿಕೊಂಡು ಬಂದ. ವೇಗದ ಗುಂಡಿಯನ್ನು ತಿರುಗಿಸಿ ತಿರುಗಿಸಿ ಕೆಳಕ್ಕಿಳಿಸಿ, ಅಕ್ಕನನ್ನು ಕರೆದ. ನಿಧಾನ ಅವನಿಗೆ ಅಭ್ಯಾಸವಿಲ್ಲ, ಎರಡು ಕಡೆ ತಪ್ಪಿದ, ಮೊದಲಿಂದ ಕಳಿಸಿದ. ಉತ್ತರ ಬರಲಿಲ್ಲ.

“ಆಫ್ ಮಾಡಿರ್ಬೇಕು,” ಅಂದ, ನನ್ನ ಮುಖ ನೋಡದೆ.

“ಕರೀರಿ.”

ಕರೆದ. ಸ್ಪೀಕರು ಬರೀ ಸುಂಯ್ ಅನ್ನುತ್ತಿತ್ತು. ಅವನು ಏಳಲು ನೋಡಿದ. ನಾನು ಹಿಂದಿನಿಂದ ಕುರ್ಚಿಯನ್ನು ಮೇಜಿಗೆ ಒತ್ತಿ ಹಿಡಿದೆ.

“ಇನ್ನೊಂದ್ಸಲ,” ಅಂದೆ.