ನಾಲ್ಕನೆಯ ಕಾಳು

"ಮೇಜಿನ ಮೇಲೆ ಏನಿದೆ ನೋಡ್ಕೊಂಡು ಬಾ, ಪದ್ಮಾ. ಡ್ರಾಯರು ತೆಗೀಬೇಡ. ಕಣ್ಣಿಗೆ ಬೀಳೋದು ಮಾತ್ರ," ಎಂದ ಶೇಷಗಿರಿ.

ಪದ್ಮಜಾ ಬೀಗದ ಕೈ ಹಿಡಿದು ಬಾಗಿಲಲ್ಲೇ ನಿಂತಳು. "ಗಿಡಕ್ಕೆ ನೀರು ಹಾಕಿ ಅಂತ ನಂಬಿ ಕೀ ಕೊಟ್ಟಿದ್ದಾರೆ ರೀ."

"ನಂಬಿಕೆ ಏನು ಬಂತು? ಬಿಟ್ಟಿ ಕೆಲಸ."

ಪ್ರೊಫೆಸರ್ ಲೌರ್ಸೆನ್ ಶೇಷಗಿರಿಯ ಗೈಡು. ತಂಗಿ ತೀರಿಕೊಂಡಳೆಂದು ಡೆನ್ಮಾರ್ಕಿಗೆ ಹೋಗಿದ್ದರು. ಚುಕ್ಕಿಗಳನ್ನು ಗೆರೆಗಳಿಂದ ಜೋಡಿಸಿ ಬಲೆಯಂತೆ ಹೆಣೆಯುವ ಗಣಿತ ಅವರದು. ಮೀಸೆ ಚಿಗುರುವ ವಯಸ್ಸಿನಲ್ಲೇ ಆರ್ಹುಸ್ ಊರಿನಲ್ಲಿ ಕೂತು ಸಾಧಿಸಿದ ಒಂದು ಪ್ರಮೇಯ ಅವರನ್ನು ಬರ್ಕ್ಲಿಯವರೆಗೆ ಕರೆತಂದಿತ್ತು. ಆಮೇಲೆ ವರ್ಷಕ್ಕೊಂದು, ಎರಡು ವರ್ಷಕ್ಕೊಂದು ಲೇಖನ. ಆಮೇಲೆ ಅದೂ ನಿಂತಿತು. ಬರುವ ಜೂನಿಗೆ ನಿವೃತ್ತಿ. ಶೇಷಗಿರಿ ಅವರ ಕೊನೆಯ ವಿದ್ಯಾರ್ಥಿ.

ಬರ್ಕ್ಲಿಯ ಪಕ್ಕದ ಆಲ್ಬನಿಯಲ್ಲಿದ್ದ ಅವರ ಅಪಾರ್ಟ್‌ಮೆಂಟಿನಲ್ಲಿ ಊಟದ ಮೇಜು ಚಳಿಗಾಲ ಶುರುವಾದಾಗಿನಿಂದ ಊಟಕ್ಕೆ ಸಿಕ್ಕಿರಲಿಲ್ಲ. ಅದರ ತುಂಬ ಶೇಷಗಿರಿ ಪೆನ್ಸಿಲಿನಲ್ಲಿ ಬಲೆ ಬರೆದು, ಚುಕ್ಕಿಗಳ ಮೇಲೆ ಕಾಳು ಇಟ್ಟಿದ್ದ: ಕಡಲೆ, ಹೆಸರು, ಅಲಸಂದೆ. ಗೆರೆ ಕೂಡಿದ ಎರಡು ಚುಕ್ಕಿಗಳ ಮೇಲೆ ಒಂದೇ ಕಾಳು ಬರಬಾರದು. ಈ ಜಾತಿಯ ಬಲೆ ಎಷ್ಟೇ ದೊಡ್ಡದಾಗಲಿ, ಮೂರು ಬಗೆಯ ಕಾಳು ಸಾಕು ಎಂದು ಅವನು ಸಾಧಿಸಿದ್ದ. ಲೌರ್ಸೆನ್ ಅದನ್ನು ಓದಿ ಹಿಂದಿರುಗಿಸುತ್ತ ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದರು: "ಇನ್ನೊಮ್ಮೆ ಬರೆ. ಇನ್ನೂ ದೊಡ್ಡದಾಗಿ." ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ.

ಹೋದ ಭಾನುವಾರ ಲಿವರ್‌ಮೋರಿನ ದೇವಸ್ಥಾನದಲ್ಲಿ ಪುಳಿಯೋಗರೆ ತಿನ್ನುತ್ತ ದ್ವಾರಕಾನಾಥ ಭಾವ ನಕ್ಕಿದ್ದರು. ಅವರು ಅಲ್ಲೇ ಲ್ಯಾಬಿನಲ್ಲಿ ಇಂಜಿನಿಯರು, ಶೇಷಗಿರಿಯ ಅಕ್ಕನ ಗಂಡ. "ಅಲ್ಲಯ್ಯಾ, ಮುದುಕ ಬರೆಯೋದು ಬಿಟ್ಟು ಎಷ್ಟು ಕಾಲ ಆಯ್ತು? ಹಸಿದ ಹುಲಿ ಅದು. ನಿನ್ನನ್ನ ದೊಡ್ಡದಾಗಿ ಬರಿ ಅಂತ ಕೂಡಿಸಿ, ತಾನು ಒಳಗೆ ಚಿಕ್ಕದಾಗಿ ಬರ್ಕೋತಾ ಇದಾನೆ."

ಆ ಮಾತು ಶೇಷಗಿರಿಯ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಗುರುವಿಗೆ ಹೇಳದೆ ಲೇಖನವನ್ನು ಟೈಪ್ ಮಾಡಿಸಿ, ಗಣಿತದ ಪತ್ರಿಕೆಯೊಂದಕ್ಕೆ ಕಳಿಸಲು ಲಕೋಟೆಗೆ ಹಾಕಿದ. ಸೋಮವಾರ ಪೋಸ್ಟು. ಅದು ಹೊರಟುಹೋದರೆ ಲೌರ್ಸೆನ್ನರ ಮುಂದೆ ಮತ್ತೆ ನಿಲ್ಲುವಂತಿಲ್ಲ. ಅದರಲ್ಲಿ ತಪ್ಪಿದ್ದರೆ ಇನ್ನು ಯಾರ ಮುಂದೆಯೂ ನಿಲ್ಲುವಂತಿಲ್ಲ.

ಗುಡ್ಡದ ಮೇಲಿನ ಲೌರ್ಸೆನ್ನರ ಮನೆಯ ಬಾಗಿಲು ತೆರೆಯುವಾಗ ಪದ್ಮಜಾ ಕಳ್ಳಿಯಂತೆ ಹಿಂದಿರುಗಿ ನೋಡಿದಳು. ಒಳಗೆ ಹೀಟರು ಆರಿಸಿತ್ತು. ಗೂಟಕ್ಕೆ ಹೆಂಗಸರ ಉಣ್ಣೆಯ ಸ್ವೆಟರೊಂದು ಅವಳಿಗೆಂದೇ ತೂಗುಹಾಕಿತ್ತು. ಕಿಟಕಿಯ ಬಳ್ಳಿ ಎತ್ತರದಲ್ಲಿತ್ತು. ಅವಳು ಕುಳ್ಳಿಯೆಂಬುದನ್ನು ನೆನಪಿಟ್ಟು ಅದರ ಕೆಳಗೆ ಸ್ಟೂಲು ಇಟ್ಟು, ಅಲುಗದಂತೆ ಒಂದು ಕಾಲಿಗೆ ರಟ್ಟಿನ ಚೂರು ಕೊಟ್ಟಿದ್ದರು. ಸ್ವೆಟರು ಹಾಕಿಕೊಂಡಳು. ಮೇಜಿನತ್ತ ನೋಡಲಾರದೆ ನೋಡಿದಳು. ಅರ್ಧ ಉರಿದ ಮೇಣದ ಬತ್ತಿ, ಪೆನ್ಸಿಲಿನ ಹೊಟ್ಟು. ಅಷ್ಟೇ.

ಹಗುರಾಗಿ ಸ್ಟೂಲು ಹತ್ತಿದಳು. ಕುಂಡಕ್ಕೆ ನೀರು ಹನಿಸಲು ಎಲೆಗಳನ್ನು ಸರಿಸಿದಾಗ ಹಿಂದೆ ಗೋಡೆಗೆ ಒರಗಿದ ಹಲಗೆಯೊಂದು ಕಂಡಿತು. ಹಲಗೆಯ ತುಂಬ ಮೊಳೆಗಳು, ಮೊಳೆಯಿಂದ ಮೊಳೆಗೆ ಉಣ್ಣೆಯ ದಾರ. ದಿನವೂ ಕಾಳು ಅಲುಗದಂತೆ ಸುತ್ತ ಒರೆಸಿ ಒರೆಸಿ ಕೈಗೆ ಬಾಯಿಪಾಠವಾಗಿದ್ದ ಅದೇ ಬಲೆ.

ಹಾಗಾದರೆ ಭಾವ ಹೇಳಿದ್ದೇ ನಿಜ.

ಹಲಗೆಯನ್ನು ಎಳೆದುಕೊಳ್ಳಹೋದಳು. ಬರಲಿಲ್ಲ. ಬಳ್ಳಿ ದಾರಗಳ ನಡುವೆ ನುಸುಳಿ, ಮೊಳೆಗಳನ್ನು ಸುತ್ತಿ, ಬೆರಳಿನಷ್ಟು ದಪ್ಪನೆಯ ಕಟ್ಟಿಗೆಯಾಗಿತ್ತು. ದಾರ ಬಿಸಿಲಿಗೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ಒಂದೆಳೆ ಹೊರಳಿಸಿದಳು. ಗೋಡೆಯ ಕಡೆಯ ಬದಿ ಇನ್ನೂ ಕೆಂಪಾಗಿತ್ತು. ಶೇಷಗಿರಿ ಈ ದೇಶಕ್ಕೆ ಕಾಲಿಡುವ ಎಷ್ಟೋ ಮುಂಚೆ ಕಟ್ಟಿದ್ದು.

ಮೊಳೆಗಳ ತಲೆಗೆ ಕೆಂಪು, ನೀಲಿ, ಬಿಳಿ ಬಣ್ಣ ಹಚ್ಚಿತ್ತು. ಎಡ ಮೂಲೆಯಲ್ಲಿ, ಗಂಡನ ಬಲೆಯಲ್ಲಿ ಇಲ್ಲದ ಕಡೆ, ಇನ್ನೊಂದು ಮೊಳೆ. ಅದರಿಂದ ಮೂರು ದಾರಗಳು ಒಂದು ಕೆಂಪಿಗೆ, ಒಂದು ನೀಲಿಗೆ, ಒಂದು ಬಿಳಿಗೆ ಹೋಗಿದ್ದವು. ಅದೊಂದಕ್ಕೆ ಮಾತ್ರ ಹಳದಿ ಬಣ್ಣ.

ಪದ್ಮಜಾ ಬೆರಳು ಮಡಿಸಿ ಬಣ್ಣ ಎಣಿಸಿದಳು: ಮೂರಲ್ಲ, ನಾಲ್ಕು. ಆಮೇಲೆ ಎಲೆಗಳನ್ನು ಮೊದಲಿನಂತೆ ಮುಚ್ಚಿದಳು.

"ಏನಿತ್ತು?" ಅವಳು ಮನೆಗೆ ಬರುವುದನ್ನೇ ಶೇಷಗಿರಿ ಕಿಟಕಿಯಲ್ಲಿ ಕಾಯುತ್ತಿದ್ದ.

"ಮೇಣದ ಬತ್ತಿ."

"ಪೇಪರು?"

"ಮೇಜಿನ ಮೇಲೆ ಒಂದು ಚೂರೂ ಇರಲಿಲ್ಲ."

"ಎಲ್ಲಾ ಒಳಗಿಟ್ಟು ಹೋಗಿದಾನೆ. ಕಿಲಾಡಿ." ಲಕೋಟೆಗೆ ಸ್ಟಾಂಪು ಅಂಟಿಸತೊಡಗಿದ.

ಹಲಗೆಯ ವಿಷಯ ಅವಳ ನಾಲಿಗೆಯ ತುದಿಗೆ ಬಂತು. ಹೇಳಿದರೆ ಲಕೋಟೆ ಇಲ್ಲೇ ಉಳಿಯುತ್ತದೆ. ಆದರೆ ಆಮೇಲೆ ಇವನು ಏನು ಕಂಡರೂ ಅದು ಇವನು ಕಂಡದ್ದಾಗುವುದಿಲ್ಲ. ಪ್ರೊಫೆಸರು ಅದಕ್ಕೇ ತಾನೇ ಬಾಯಿ ಬಿಡದೆ ಇದ್ದದ್ದು?

ಬೀರುವಿನಿಂದ ಹಳೆಯ ಬೆಡ್‌ಶೀಟು ತಂದು ನೆಲಕ್ಕೆ ಹಾಸಿದಳು. "ಹೇಗೂ ಸೋಮವಾರದ ತನಕ ಪೋಸ್ಟಾಫೀಸಿಲ್ಲ. ಒಂದ್ಸಲ ದೊಡ್ಡದಾಗಿ ಬರೆದು ನೋಡಿ."

"ನೀನೂ ಅವನ ಹಾಗೇ ಶುರು ಮಾಡಿದ್ಯಾ?"

"ನಂಗೆ ಮೇಜು ಬೇಕು ರೀ. ಎಷ್ಟು ದಿನ ಅಂತ ತೊಡೆ ಮೇಲೆ ತಟ್ಟೆ ಇಟ್ಕೊಂಡು ತಿನ್ನೋದು?"

ಅವನು ಗೊಣಗುತ್ತಲೇ ಕೂತ. ಬಲೆ ಬೆಡ್‌ಶೀಟಿನ ಅಂಚಿನವರೆಗೆ ಬೆಳೆಯಿತು. ಕಾಳುಗಳು ಒಂದೊಂದಾಗಿ ಕೂತವು. ಪದ್ಮಜಾ ಅನ್ನಕ್ಕೆ ಇಟ್ಟು ಬಂದು ಮೇಲಿನಿಂದ ನೋಡಿದಳು.

"ಎಡಗಡೆ ಬೋಳು ಅನ್ಸುತ್ತೆ. ರಂಗೋಲಿ ಆಗಿದ್ರೆ ನಮ್ಮಮ್ಮ ಅಲ್ಲೊಂದು ಚುಕ್ಕಿ ಇಡದೆ ಬಿಡ್ತಿರಲಿಲ್ಲ."

"ಇದು ರಂಗೋಲಿ ಅಲ್ಲ ಮಾರಾಯ್ತಿ," ಎಂದ. ಆದರೂ ಚುಕ್ಕಿ ಇಟ್ಟ. ಬಲೆ ಹೆಣೆಯುವ ನಿಯಮ ತಪ್ಪದಂತೆ ಮೂರು ಗೆರೆ ಎಳೆದ. ಹೆಸರುಕಾಳು ಇಡಹೋದ, ತೆಗೆದ. ಕಡಲೆ ಇಟ್ಟ, ತೆಗೆದ. ಅಲಸಂದೆಯೂ ಕೂರಲಿಲ್ಲ. ಬಲಗಡೆಯಿಂದ ಎಲ್ಲವನ್ನೂ ಬದಲಿಸುತ್ತ ಬಂದ; ಮತ್ತೆ ಅಲ್ಲೇ ಬಂದು ನಿಂತ. ಕುಕ್ಕರು ಕೂಗಿತು. ಅವನಿಗೆ ಕೇಳಿಸಲಿಲ್ಲ.

ಬಹಳ ಹೊತ್ತಿನ ಮೇಲೆ, ತಲೆ ಎತ್ತದೆ, ಸಣ್ಣ ದನಿಯಲ್ಲಿ ಕೇಳಿದ: "ಪದ್ಮಾ, ಮನೇಲಿ ಇನ್ನೊಂದು ಥರದ ಕಾಳು ಇದ್ಯಾ?"

ಅವರೆಕಾಳಿನ ಡಬ್ಬಿ ಆಗಲೇ ಅವಳ ಮಡಿಲಲ್ಲಿತ್ತು. ಮುಚ್ಚಳ ತೆಗೆದು ಅವನ ಮೊಣಕಾಲ ಪಕ್ಕಕ್ಕೆ ಸರಿಸಿದಳು.